ಭಜನೆ ಮುಗಿದ ಮೇಲೆ ಸಿಪಿಆರ್ ಪಾಠ

ನಾನು ಮುಂಬೈಯಲ್ಲಿ ಐಸಿಯು ನರ್ಸ್, ಮನೆ ಡೊಂಬಿವಲಿಯಲ್ಲಿ. ನಮ್ಮ ಕನ್ನಡದವರಿಗೆ ಸಿಪಿಆರ್, ಅಂದರೆ ಹೃದಯ ನಿಂತು ಬಿದ್ದವರ ಜೀವ ಉಳಿಸಲು ಕೂಡಲೇ ಮಾಡುವ ಉಪಚಾರ, ಕಲಿಸುತ್ತಾ ಬಂದಿದ್ದೇನೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದೆಲ್ಲ ಇಲ್ಲ, ಬರೀ ಎದೆ ಒತ್ತುವುದು.

ಆರೋಗ್ಯ ಶಿಬಿರ ಅಂತ ಬೋರ್ಡ್ ಹಾಕಿದರೆ ಜನ ಬಿಪಿ ನೋಡಿಸಿಕೊಂಡು ಮನೆಗೆ ಹೋಗುತ್ತಾರೆ, ಅಷ್ಟೇ. ಅದಕ್ಕೇ ಶಿಬಿರ ಬಿಟ್ಟು, ಜನ ಹೇಗೂ ಸೇರುವ ಕಡೆ ನಾನೇ ಹೋಗುತ್ತೇನೆ. ಶನಿವಾರದ ಭಜನೆ ಮಂಗಳಾರತಿಗೆ ಬಂದಾಗ ಹಿಂದೆ ಕೂತಿರುತ್ತೇನೆ. ಪ್ರಸಾದ ಹಂಚುವ ಮೊದಲು ಹತ್ತು ನಿಮಿಷ ಕೇಳಿಕೊಳ್ಳುತ್ತೇನೆ. ಪ್ರಸಾದ ಆದಮೇಲೆ ಯಾರೂ ನಿಲ್ಲುವುದಿಲ್ಲ, ಲೋಕಲ್ ಟ್ರೇನ್ ಹಿಡಿಯಬೇಕಲ್ವಾ!

ಭಾಷಣ ಮಾಡುವುದಿಲ್ಲ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಗೆ ಮುಚ್ಚಳ ಹಾಕಿ, ಹಳೇ ಟೀಶರ್ಟಿನಲ್ಲಿ ಸುತ್ತಿ ನೆಲದ ಮೇಲೆ ಇಡುತ್ತೇನೆ. ಒತ್ತಿದರೆ ಚಟ್ ಅನ್ನುತ್ತದೆ, ಬಿಟ್ಟರೆ ಉಬ್ಬುತ್ತದೆ. ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು, ಮೊಣಕೈ ಮಡಚದೆ ಮೈಭಾರ ಹಾಕಿ ಒತ್ತಬೇಕು. ನಿಜವಾದ ಮನುಷ್ಯನಾದರೆ 5 ರಿಂದ 6 ಸೆಂಟಿಮೀಟರ್ ಒಳಗೆ ಹೋಗಬೇಕು ಅಂದಾಗ ಎಲ್ಲರ ಕಣ್ಣೂ ಅಗಲವಾಗುತ್ತದೆ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಆಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು. ಮಂಚದ ಮೇಲೆ ಬೇಡ, ಹಾಸಿಗೆಯೇ ತಗ್ಗುತ್ತದೆ. ನೆಲಕ್ಕೆ ಇಳಿಸಿ.

ವೇಗ ನಿಮಿಷಕ್ಕೆ 100 ರಿಂದ 120. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ಮಂಡಳಿಯಲ್ಲಿ ತಾಳ ಹಾಕುವ ಮಾವನಿಗೆ ಮೊಬೈಲಿನಲ್ಲಿ 110ರ ಬಡಿತ ಕೇಳಿಸಿದೆ. ಅವರು ತಲೆಯಾಡಿಸಿ ಹಿಡಿದುಬಿಟ್ಟರು. ಈಗ ಅವರು ತಾಳ ಹಾಕುತ್ತಾರೆ, ಉಳಿದವರು ಒತ್ತುತ್ತಾರೆ. ಎರಡು ನಿಮಿಷದೊಳಗೆ ಕೈ ಸೋಲುತ್ತದೆ, ಆಗ ಪಕ್ಕದವರು ತಡಮಾಡದೆ ಜಾಗ ಹಿಡಿಯಬೇಕು. ಅದಕ್ಕೇ ಜೋಡಿಯಾಗಿ ಕಲಿಸುವುದು.

ಕೈ ಕೆಲಸ ಬೇಗ ಬರುತ್ತದೆ. ಜನ ಹಿಂದೆ ಸರಿಯುವುದು ಭಯಕ್ಕೆ, ಸಂಕೋಚಕ್ಕೆ. ಪಕ್ಕೆಲುಬು ಮುರಿದರೆ ಏನು ಗತಿ ಅಂತ ಕೇಳುತ್ತಾರೆ. ಮುರಿಯಬಹುದು, ಮೂಳೆ ಕೂಡುತ್ತದೆ, ನಿಂತ ಹೃದಯ ತಾನಾಗಿ ಶುರುವಾಗುವುದಿಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ಪೊಲೀಸ್ ಕೇಸ್ ಭಯವೂ ಇದೆ. ರಸ್ತೆ ಅಪಘಾತದಲ್ಲಿ ಸಹಾಯಕ್ಕೆ ಹೋದವರಿಗೆ ತೊಂದರೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು ಸೇರಿತು. ಇಷ್ಟು ಹೇಳಿದರೆ ಗಂಡಸರ ಮುಖ ಸ್ವಲ್ಪ ಸಡಿಲವಾಗುತ್ತದೆ.

ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಬೇರೆಯೇ ಇದೆ. ಬಿದ್ದವಳು ಹೆಂಗಸಾದರೆ? ಗಂಡಸರು ನೆಲ ನೋಡುತ್ತಾರೆ, ಹೆಂಗಸರು ಸೆರಗು ಸರಿ ಮಾಡಿಕೊಳ್ಳುತ್ತಾರೆ. ಅದಕ್ಕೇ ನಾನೇ ನೆಲದ ಮೇಲೆ ಮಲಗಿ, ಸೀರೆ ಇದ್ದ ಹಾಗೇ ಕೈ ಎಲ್ಲಿ ಇಡಬೇಕು ಅಂತ ನನ್ನ ಎದೆಮೂಳೆಯ ಮೇಲೆ ನನ್ನದೇ ಕೈ ಇಟ್ಟು ತೋರಿಸುತ್ತೇನೆ. ಒತ್ತಿ ತೋರಿಸುವುದಿಲ್ಲ, ನಡೆಯುತ್ತಿರುವ ಹೃದಯವನ್ನು ಹಾಗೆ ಒತ್ತಬಾರದು. ಬಟ್ಟೆ ತೆಗೆಯುವ ಅಗತ್ಯವಿಲ್ಲ, ಕೈ ಇರುವುದು ಮೂಳೆಯ ಮೇಲೆ ಅಂತ ಕಂಡಮೇಲೆ ಮೊದಲು ಮುಂದೆ ಬರುವವರು ಅಜ್ಜಿಯಂದಿರು. "ನಮ್ಮ ಸೊಸೆಗೂ ಹೇಳಿಕೊಡಮ್ಮ" ಅನ್ನುತ್ತಾರೆ, ಸೊಸೆ ಅಡುಗೆಮನೆಯಲ್ಲಿ ಅವಲಕ್ಕಿ ಕಲಸುತ್ತಿರುತ್ತಾಳೆ. ಕರೆದುಕೊಂಡು ಬರುವವರೆಗೂ ನಾನು ಬಿಡುವುದಿಲ್ಲ.

ಯಾವಾಗ ಒತ್ತಬೇಕು ಅನ್ನುವುದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ. ದೊಡ್ಡವರು ದಿಢೀರನೆ ಬಿದ್ದು, ಭುಜ ತಟ್ಟಿ ಕೂಗಿದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದಾಗ. ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಉಸಿರು ಎಳೆಯುವುದು ಉಸಿರಾಟವಲ್ಲ. "ಇನ್ನೂ ಜೀವ ಇದೆ, ನೀರು ಹಾಕಿ" ಅಂತ ಸುತ್ತಲಿನವರು ಕಾಯುವುದು ಆಗಲೇ. ನೀರು ಬೇಡ. ಒಬ್ಬರು 108ಕ್ಕೆ ಫೋನ್ ಮಾಡಲಿ, ಒಬ್ಬರು ಒತ್ತಲಿ, ವಾಚ್‌ಮನ್ ಗೇಟು ತೆಗೆದು ಲಿಫ್ಟ್ ಹಿಡಿದಿರಲಿ. ನಮ್ಮ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ಬರುವವರೆಗೆ ಸುಮ್ನೆ ನಿಂತರೆ ಮೆದುಳು ಕಾಯುವುದಿಲ್ಲ. ನೀರಿನಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಉಸಿರೂ ಕೊಡಬೇಕು. ಅದನ್ನು ಪ್ರತ್ಯೇಕವಾಗಿ ಕಲಿಯಬೇಕು, ಆದರೂ ಏನೂ ಮಾಡದೆ ನಿಲ್ಲುವುದಕ್ಕಿಂತ ಒತ್ತುವುದೇ ಮೇಲು.

ನನ್ನ ಲೆಕ್ಕದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವವರು ಉಡುಪಿ ಹೋಟೆಲಿನ ಹುಡುಗರು. ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಇರುತ್ತಾರೆ, ಊಟದ ರಶ್ಶಿಗೆ ಹತ್ತಾರು ಕಡೆಯ ಜನ ಬಂದು ಹೋಗುತ್ತಾರೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು ಹೋದರೆ ಮಾಲೀಕರೂ ಬೇಡ ಅನ್ನುವುದಿಲ್ಲ. ಕುಂದಾಪುರದವರಿಗೆ ಕನ್ನಡದಲ್ಲಿ, ಉಳಿದವರಿಗೆ ನನ್ನ ಹರಕು ಹಿಂದಿಯಲ್ಲಿ. ಹಿಟ್ಟು ರುಬ್ಬುವ ಹುಡುಗ ಎಲ್ಲರಿಗಿಂತ ಚೆನ್ನಾಗಿ ಒತ್ತುತ್ತಾನೆ, ಆದರೆ ಗಡಿಬಿಡಿ, ನಿಧಾನ ಮಾಡಪ್ಪಾ ಅನ್ನಬೇಕು. ಮೇ ತಿಂಗಳಲ್ಲಿ ಊರಿಗೆ ಹೋದವರೆಲ್ಲ ವಾಪಸ್ ಬರುವುದಿಲ್ಲ, ಹೊಸಬರು ಬಂದಿರುತ್ತಾರೆ. ಹಳಬರಿಗೂ ಕೆಲವೇ ತಿಂಗಳಲ್ಲಿ ಮರೆತಿರುತ್ತದೆ. ಅದಕ್ಕೇ ಮಳೆ ಶುರುವಾದ ಮೇಲೆ ಒಂದು ಸಲ, ನವರಾತ್ರಿಗೆ ಮೊದಲು ಇನ್ನೊಂದು ಸಲ ಹೋಗುತ್ತೇನೆ. ಖಾಲಿ ಬಾಟಲಿ ಅವರ ಹತ್ತಿರವೇ ಬೇಕಾದಷ್ಟು ಸಿಗುತ್ತದೆ.