ಪುಟ್ಟ ನಾಯಿ ಸೊರಗುತ್ತಿದೆಯಾ? ಟಾನಿಕ್ ಆಮೇಲೆ, ಮೊದಲು ತೂಕ ಹಾಕಿ

30 ಕಿಲೋ ತೂಗುವ ಲ್ಯಾಬ್ರಡಾರ್ 200 ಗ್ರಾಂ ಇಳಿದರೆ ಯಾರ ಗಮನಕ್ಕೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. 2 ಕಿಲೋ ತೂಗುವ ಚಿವಾವಾ ಅಷ್ಟೇ ಇಳಿದರೆ ಮೈತೂಕದ ಹತ್ತನೇ ಒಂದು ಪಾಲು ಹೋಯಿತು. ನಾವಾಗಿ ಊಟ ಕಡಿಮೆ ಮಾಡದೆ ನಾಯಿಯ ತೂಕ ಶೇ 10ರಷ್ಟು ಇಳಿದಿದ್ದರೆ ಪಶುವೈದ್ಯರು ಅದನ್ನು ಗಂಭೀರವಾಗಿಯೇ ನೋಡುತ್ತಾರೆ.

ಚಿವಾವಾ, ಟಾಯ್ ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್ ಥರದ ಪುಟಾಣಿ ನಾಯಿಗಳು ಸೊರಗಿದಾಗ ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ. ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಬೀಳುತ್ತದೆ, ಇಲ್ಲವೇ ಅಂಗಡಿಯಿಂದ ಲಿವರ್ ಟಾನಿಕ್ ಬರುತ್ತದೆ. ಹದಿನೈದು ದಿನ ಅದರಲ್ಲೇ ಕಳೆದುಹೋಗುತ್ತದೆ. ದೊಡ್ಡ ನಾಯಿಗಾದರೆ ಹದಿನೈದು ದಿನ ತಡೆಯುವ ಶಕ್ತಿ ಇರುತ್ತದೆ. 2 ಕಿಲೋ ನಾಯಿಗೆ ಅಷ್ಟು ದಾಸ್ತಾನು ಎಲ್ಲಿಂದ ಬರಬೇಕು? ‘ವಯಸ್ಸಾಯ್ತಲ್ಲ, ಅದಕ್ಕೇ ಸಣ್ಣಗಾಗಿದೆ’ ಎಂಬ ಮಾತನ್ನಂತೂ ನಂಬಬೇಡಿ. ವಯಸ್ಸಾದ ನಾಯಿ ಸಣ್ಣಗಾಗಿದ್ದರೆ ಅದಕ್ಕೂ ಬಹುತೇಕ ಒಂದು ಕಾರಣ ಇರುತ್ತದೆ.

ತೂಕ ಹಾಕುವ ಕ್ರಮ

ನಾಯಿಯನ್ನು ಎತ್ತಿಕೊಂಡು ನೀವೇ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಯಂತ್ರ 100, 200 ಗ್ರಾಂ ಹೆಚ್ಚುಕಡಿಮೆ ತೋರಿಸುತ್ತದೆ. ನಮಗೆ ಬೇಕಿರುವುದೇ ಆ 200 ಗ್ರಾಂ.

ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ತೂಕದ ಯಂತ್ರ ಸಾಕು. 5 ಕಿಲೋವರೆಗೆ ತೂಗುವಂಥದ್ದು ಇರಲಿ. ಅದರ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟು, ಒಳಗೆ ಹಳೇ ಟವೆಲ್ ಹಾಸಿ, ಅಂಕಿಯನ್ನು ಸೊನ್ನೆಗೆ ತನ್ನಿ. ನಂತರ ನಾಯಿಯನ್ನು ಕೂರಿಸಿ. ಅದು ನಡುಗುತ್ತದೆ, ಬುಟ್ಟಿಯ ಅಂಚಿಗೆ ಕಾಲು ಹಾಕುತ್ತದೆ, ಅಂಕಿ ಕುಣಿಯುತ್ತದೆ. ಒಂದು ಕೈ ಅದರ ಎದೆಯ ಹತ್ತಿರ ಇರಲಿ, ಆದರೆ ತಾಗಿಸಬೇಡಿ. ಮೂರು ಸಲ ನೋಡಿ, ನಡುವಿನ ಅಂಕಿಯನ್ನು ಬರೆದುಕೊಳ್ಳಿ. ಬೆಳಿಗ್ಗೆ ಹೊರಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಯಾವಾಗಲೂ ಅದೇ ಯಂತ್ರದಲ್ಲಿ ತೂಗಿ. ಆರೋಗ್ಯವಾಗಿದ್ದಾಗ ವಾರಕ್ಕೊಮ್ಮೆ ಸಾಕು. ಇಳಿಯುತ್ತಿದೆ ಎಂಬ ಅನುಮಾನ ಬಂದರೆ ಎರಡು ದಿನಕ್ಕೊಮ್ಮೆ. ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದಿಡಿ, ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ.

ಇನ್ನು ಕೈಯಿಂದ ನೋಡುವ ಕೆಲಸ. ಪೊಮೆರೇನಿಯನ್‌ನಂಥ ನಾಯಿಯ ಕೂದಲು ಎಲ್ಲವನ್ನೂ ಮುಚ್ಚಿಡುತ್ತದೆ. ಸ್ನಾನ ಮಾಡಿಸಿದಾಗಲೇ ‘ಅಯ್ಯೋ, ಇಷ್ಟೇನಾ ಇದು’ ಅನ್ನಿಸುವುದು. ಬೆರಳ ತುದಿಯಿಂದ ಪಕ್ಕೆ ಸವರಿ. ಬೆರಳು ಚಾಚಿದ ಅಂಗೈಯ ಹಿಂಭಾಗವನ್ನು ಸವರಿದಾಗ ಎಲುಬು ಹೇಗೆ ಸಿಗುತ್ತದೋ ಪಕ್ಕೆಲುಬು ಹಾಗೆ ಸಿಕ್ಕರೆ ಸರಿ. ಮುಷ್ಟಿ ಬಿಗಿಹಿಡಿದಾಗ ಗೆಣ್ಣುಗಳು ಎದ್ದು ನಿಲ್ಲುತ್ತವಲ್ಲ, ಹಾಗೆ ಸಿಕ್ಕರೆ ನಾಯಿ ತೀರಾ ಸಣ್ಣಗಾಗಿದೆ. ಬೆನ್ನುಮೂಳೆಯ ಅಕ್ಕಪಕ್ಕ, ಸೊಂಟ, ಹಣೆಯ ಎರಡು ಬದಿಯನ್ನೂ ಮುಟ್ಟಿ. ಅಲ್ಲಿ ಗುಳಿ ಬಿದ್ದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತಿದೆ. ಬಹಳ ದಿನದ ಕಾಯಿಲೆಯಲ್ಲಿ ಹೀಗಾಗುವುದು ಜಾಸ್ತಿ.

ತಿನ್ನುತ್ತಿದೆಯಾ, ಇಲ್ಲವಾ?

ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಇದೇ. ‘ಚೆನ್ನಾಗೇ ತಿನ್ನುತ್ತೆ ಸಾರ್’ ಎಂದು ನಾವು ಹೇಳಿಬಿಡುತ್ತೇವೆ. ಅಳೆದು ನೋಡಿರುವುದಿಲ್ಲ.

ಮೂರು ನಾಲ್ಕು ದಿನ ತಟ್ಟೆಗೆ ಹಾಕುವುದನ್ನೂ ಉಳಿದದ್ದನ್ನೂ ತೂಗಿ ಬರೆಯಿರಿ. ಅಜ್ಜಿ ಕೊಟ್ಟ ಬಿಸ್ಕತ್ತು, ಮಕ್ಕಳು ಟೇಬಲ್ ಕೆಳಗೆ ಹಾಕಿದ ಚಪಾತಿ ಚೂರು ಎಲ್ಲ ಸೇರಲಿ. 2 ಕಿಲೋ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 190 ಕ್ಯಾಲೊರಿ ಬೇಕು. ಒಳ್ಳೆಯ ಒಣ ಆಹಾರ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಕೊಡುತ್ತದೆ. ಅಂದರೆ ದಿನಕ್ಕೆ 50 ಗ್ರಾಂ ಆಸುಪಾಸು. ಬೇಯಿಸಿದ ಅನ್ನದಲ್ಲಿ 100 ಗ್ರಾಂಗೆ 130 ಕ್ಯಾಲೊರಿಯಷ್ಟೇ. ಹಾಲು, ಮಜ್ಜಿಗೆ ಬೆರೆಸಿದರೆ ಇನ್ನೂ ಕಡಿಮೆ. ಹಾಲನ್ನದ ಮೇಲೇ ಬದುಕುವ ಪುಟ್ಟ ನಾಯಿಗೆ ಅಂಗೈಯಷ್ಟು ಹೊಟ್ಟೆ ಬೇಗ ತುಂಬುತ್ತದೆ, ಮೈಗೆ ಬೇಕಾದ ಪ್ರೋಟೀನ್ ಮಾತ್ರ ಸಿಗುವುದಿಲ್ಲ. ನಿಮ್ಮ ಸಮಸ್ಯೆ ಇದೇ ಆಗಿದ್ದರೆ ಪುಣ್ಯ, ಆಹಾರ ಬದಲಿಸಿದರೆ ಮುಗಿಯಿತು.

ಮನೆಯಲ್ಲಿ ಎರಡು ನಾಯಿ ಇದ್ದರೆ ಬೇರೆ ಬೇರೆ ಕೋಣೆಯಲ್ಲಿ ಊಟ ಹಾಕಿ. ತಟ್ಟೆ ಖಾಲಿಯಾಗಿದೆ ಅಂದರೆ ಚಿಕ್ಕದೇ ತಿಂದಿದೆ ಅಂತ ಏನು ಗ್ಯಾರಂಟಿ?

ತಿನ್ನುತ್ತಿಲ್ಲವಾದರೆ ಬಾಯಿ ನೋಡಿ

ಪುಟ್ಟ ತಳಿಗಳ ದವಡೆ ಚಿಕ್ಕದು, ಆದರೆ ಹಲ್ಲುಗಳು ಅವಕ್ಕೂ 42. ಒತ್ತೊತ್ತಾಗಿ ಬೆಳೆದ ಹಲ್ಲುಗಳ ಸಂದಿಯಲ್ಲಿ ಆಹಾರ ಕೂತು ಪಾಚಿಗಟ್ಟುತ್ತದೆ. ಹಾಲುಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ನಿಂತುಬಿಡುವುದೂ ಇವುಗಳಲ್ಲಿ ಮಾಮೂಲು.

ಬೆಳಕಿರುವ ಕಡೆ ಮಡಿಲಲ್ಲಿ ಕೂರಿಸಿಕೊಂಡು, ಬಾಯಿ ತೆರೆಸದೆ, ಮೇಲ್ತುಟಿಯನ್ನು ಮಾತ್ರ ಹೆಬ್ಬೆರಳಿನಿಂದ ಎತ್ತಿ. ಹಿಂದಿನ ದವಡೆ ಹಲ್ಲಿನವರೆಗೂ ನೋಡಿ. ಅಲ್ಲೇ ಕಂದು ಬಣ್ಣದ ಗಟ್ಟಿ ಪದರ ಕಾಣುವುದು. ಅದರ ಅಂಚಿನಲ್ಲಿ ಒಸಡು ಕೆಂಪಗೆ ಊದಿದೆಯಾ? ಕೆಟ್ಟ ವಾಸನೆಯಾ? ಕಣ್ಣಿನ ಕೆಳಗೆ ಕೆನ್ನೆ ಊದಿದ್ದರೆ ಮೇಲಿನ ದವಡೆ ಹಲ್ಲಿನ ಬೇರಲ್ಲಿ ಕೀವಾಗಿರಬಹುದು. ತಟ್ಟೆಯ ಹತ್ತಿರ ಆಸೆಯಿಂದ ಓಡಿ ಬಂದು, ಮೂಸಿ, ವಾಪಸ್ ಹೋಗುವ ನಾಯಿಗೆ ಹಸಿವಿಲ್ಲ ಅಂತಲ್ಲ. ಕಚ್ಚಿದರೆ ನೋವು. ಒಂದೇ ಕಡೆ ಅಗಿಯುವುದು, ಒಣ ಆಹಾರದ ಕಾಳನ್ನು ಬಾಯಿಗೆ ಹಾಕಿ ಬೀಳಿಸುವುದು ಕೂಡ ಇದರದ್ದೇ ಗುರುತು.

ಹಾಗೇ ಒಸಡಿನ ಬಣ್ಣ ಗಮನಿಸಿ. ಗುಲಾಬಿ ಇರಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಾಗಿರಬಹುದು. ನಮ್ಮಲ್ಲಿ ಅದಕ್ಕೆ ಮೊದಲು ಅನುಮಾನಿಸಬೇಕಾದವು ಕೊಕ್ಕೆಹುಳು ಮತ್ತು ಉಣ್ಣೆ (ಟಿಕ್) ಕಚ್ಚುವುದರಿಂದ ಬರುವ ಉಣ್ಣೆ ಜ್ವರ.

ಬಾಯಿ ಚೆನ್ನಾಗಿದ್ದೂ ಊಟ ಬೇಡ ಎನ್ನುತ್ತಿದ್ದರೆ ಕಿಡ್ನಿ, ಲಿವರ್, ಎಲ್ಲೋ ಇರುವ ನೋವು, ಗಡ್ಡೆ ಹೀಗೆ ಪಟ್ಟಿ ಉದ್ದವಾಗುತ್ತದೆ. ಅದು ಮನೆಯಲ್ಲಿ ಪತ್ತೆಯಾಗುವಂಥದ್ದಲ್ಲ. ಒಂದನ್ನು ಮಾತ್ರ ಹೇಳಲೇಬೇಕು. ವಾಂತಿ, ಸುಸ್ತು, ಊಟ ಬಿಡುವುದು ಬಂದು ಹೋಗಿ ಆಗುತ್ತಿದ್ದು, ಪಟಾಕಿ ಅಥವಾ ಪ್ರಯಾಣದಂಥ ಒತ್ತಡದ ನಂತರ ಜಾಸ್ತಿಯಾಗುತ್ತಿದ್ದರೆ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಿ. ಅಡಿಸನ್ಸ್ ಎಂಬ ಹಾರ್ಮೋನ್ ಕಾಯಿಲೆ ಹೀಗೆಯೇ ಕಣ್ಣಾಮುಚ್ಚಾಲೆ ಆಡುತ್ತದೆ.

ಚೆನ್ನಾಗಿ ತಿಂದೂ ಇಳಿಯುತ್ತಿದ್ದರೆ

ಈಗ ಮಲ ನೋಡಬೇಕು. ಮುಜುಗರ ಬೇಡ, ಇದರಷ್ಟು ಮಾಹಿತಿ ಕೊಡುವ ವಸ್ತು ಮನೆಯಲ್ಲಿ ಬೇರೆ ಇಲ್ಲ. ಅಕ್ಕಿ ಕಾಳಿನಂಥ ತುಣುಕು ಕಂಡರೆ ಲಾಡಿಹುಳು. ಅದರಲ್ಲಿ ಸಾಮಾನ್ಯವಾದ ಒಂದು ಬಗೆ ಚಿಗಟದಿಂದ ಹರಡುತ್ತದೆ. ಚಿಗಟ ಹೋಗದೆ ಹುಳದ ಮಾತ್ರೆ ಮಾತ್ರ ಕೊಟ್ಟರೆ ಮತ್ತೆ ಬರುತ್ತದೆ. ಮಲ ರಾಶಿರಾಶಿ, ಬಣ್ಣಗೆಟ್ಟು, ಜಿಡ್ಡುಜಿಡ್ಡಾಗಿ, ವಿಪರೀತ ನಾತ ಇದ್ದರೆ ಮೇದೋಜೀರಕ ಗ್ರಂಥಿಯಿಂದ ಜೀರ್ಣರಸ ಬರುತ್ತಿಲ್ಲ ಎಂಬ ಅನುಮಾನ. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಪ್ರತಿ ಊಟಕ್ಕೂ ಎನ್‌ಜೈಮ್ ಪುಡಿ ಬೆರೆಸಬೇಕಾಗುತ್ತದೆ. ವಾರಗಟ್ಟಲೆ ಬೇಧಿ ಇದ್ದರೆ ಕರುಳಿನಿಂದ ಪ್ರೋಟೀನ್ ಸೋರಿಹೋಗುತ್ತಿರಬಹುದು. ಯಾರ್ಕ್‌ಶೈರ್ ಟೆರಿಯರ್ ತಳಿಯಲ್ಲಿ ಇದು ಹೆಚ್ಚು.

ನೀರನ್ನೂ ಅಳೆಯಿರಿ. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಬೆಳಿಗ್ಗೆ ಉಳಿದದ್ದನ್ನು ಕಳೆಯಿರಿ. ಕಿಲೋಗೆ 100 ಮಿ.ಲೀ.ಗಿಂತ ಜಾಸ್ತಿ, ಅಂದರೆ 2 ಕಿಲೋ ನಾಯಿ ದಿನಕ್ಕೆ 200 ಮಿ.ಲೀ. ದಾಟಿ ಕುಡಿಯುತ್ತಿದ್ದರೆ ಅದು ಅತಿಯಾಯಿತು. ಜೊತೆಗೆ ಹಸಿವು ಜಾಸ್ತಿ, ತೂಕ ಕಡಿಮೆ ಎಂದರೆ ಶುಗರ್ ಇರಬಹುದು. ನಾಯಿಗೂ ಮಧುಮೇಹ ಬರುತ್ತದೆ, ಇನ್ಸುಲಿನ್‌ನಿಂದ ವರ್ಷಗಟ್ಟಲೆ ಚೆನ್ನಾಗಿಯೂ ಇರುತ್ತದೆ.

ಉಣ್ಣೆ ಜ್ವರದ ವಿಷಯ ಸ್ವಲ್ಪ ಬೇರೆ. ‘ನಮ್ಮದು ಮನೆಯೊಳಗೇ ಇರುವ ನಾಯಿ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದನ್ನು ಹರಡುವ ಕಂದು ಉಣ್ಣೆ ಮನೆಯ ಗೋಡೆ ಬಿರುಕಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಹಾಯಾಗಿ ಸಂಸಾರ ಹೂಡುತ್ತದೆ. ಎರ್ಲಿಕಿಯಾ ಎಂಬ ಸೋಂಕು ತಿಂಗಳುಗಟ್ಟಲೆ ಸದ್ದಿಲ್ಲದೆ ಮೈಯಲ್ಲಿದ್ದು ಆಮೇಲೆ ತೂಕ ಇಳಿಸುತ್ತದೆ. ಕೆಲವೊಮ್ಮೆ ಮೂಗಿನಿಂದ ರಕ್ತ ಬರಿಸುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 4 ವಾರ ಬರೆಯುತ್ತಾರೆ. ಒಂದೇ ವಾರದಲ್ಲಿ ನಾಯಿ ಚುರುಕಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ.

ವಯಸ್ಸಾದ ಪುಟ್ಟ ನಾಯಿಗಳಲ್ಲಿ ಹೃದಯದ ಕವಾಟ ಸೋರುವುದು ಸಾಮಾನ್ಯ. ಅದು ಬಲಿತಾಗಲೂ ಮೈ ಕರಗುತ್ತದೆ. ಗಾಢ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಸಲ ಎದೆ ಏರಿಳಿಯುತ್ತದೆ ಎಣಿಸಿ. 30ರೊಳಗಿರಬೇಕು.

ಆಸ್ಪತ್ರೆಗೆ ಹೋಗುವಾಗ

ತೂಕ ಮತ್ತು ಊಟ ಬರೆದ ಹಾಳೆ, ಅವತ್ತಿನದೇ ಮಲ ಒಂದು ಸ್ವಚ್ಛ ಡಬ್ಬಿಯಲ್ಲಿ, ಸಿಕ್ಕರೆ ಬೆಳಗಿನ ಮೂತ್ರ. ಕೆಮ್ಮು, ಊಟ ಬೀಳಿಸುವುದು ಇದ್ದರೆ ಮೊಬೈಲ್‌ನಲ್ಲಿ ವಿಡಿಯೊ. ಡಾಕ್ಟರ್ ಮುಂದೆ ಅದು ಬೇಕೆಂದೇ ಕೆಮ್ಮುವುದಿಲ್ಲ!

ದುಡ್ಡಿನ ಯೋಚನೆ ಇದ್ದರೆ ಮುಚ್ಚಿಡಬೇಡಿ, ಪರೀಕ್ಷೆಗಳನ್ನು ಹಂತಹಂತವಾಗಿ ಮಾಡಬಹುದೇ ಎಂದು ಕೇಳಿ. ಮಲ, ಮೂತ್ರ, ರಕ್ತಕಣಗಳ ಎಣಿಕೆ, ಉಣ್ಣೆ ಜ್ವರಕ್ಕೆ ರಕ್ತಲೇಪ (ಗಾಜಿನ ಮೇಲೆ ರಕ್ತದ ಹನಿ ಸವರಿ ನೋಡುವುದು), ಕಿಡ್ನಿ–ಲಿವರ್–ಶುಗರ್ ಪರೀಕ್ಷೆ ಮೊದಲು. ಸ್ಕ್ಯಾನ್, ಎಕ್ಸ್‌ರೇ ಆಮೇಲೆ. ‘ಇಷ್ಟು ಚಿಕ್ಕದರ ಮೈಯಿಂದ ರಕ್ತ ತೆಗೆಯುತ್ತಾರಾ’ ಎಂದು ಕೆಲವರು ಹೆದರಿ ಮುಂದೂಡುತ್ತಾರೆ. 2 ಕಿಲೋ ನಾಯಿಯಲ್ಲಿ ಸುಮಾರು 160ರಿಂದ 180 ಮಿ.ಲೀ. ರಕ್ತ ಇರುತ್ತದೆ. ತೆಗೆಯುವುದು 2–3 ಮಿ.ಲೀ. ಮಾತ್ರ. ಪರೀಕ್ಷೆಗೆ ಉಪವಾಸ ಬೇಕೇ, ಎಷ್ಟು ಗಂಟೆ ಎಂಬುದನ್ನು ಮಾತ್ರ ಮೊದಲೇ ಕೇಳಿ. ಇಂಥ ನಾಯಿಯನ್ನು, ಅದರಲ್ಲೂ ಮರಿಯನ್ನು, ನಾವೇ ತೀರ್ಮಾನಿಸಿ ರಾತ್ರಿಯಿಡೀ ಉಪವಾಸ ಕೆಡವಬಾರದು.

ಯಾಕೆಂದರೆ ಇವಕ್ಕೆ ರಕ್ತದಲ್ಲಿ ಸಕ್ಕರೆ ಬೇಗ ಕುಸಿಯುತ್ತದೆ. ತೂರಾಡುವುದು, ನಡುಕ, ಕರೆದರೆ ಮಂಕಾಗಿ ನೋಡುವುದು, ಫಿಟ್ಸ್ ಇದರ ಲಕ್ಷಣ. ಹೀಗಾದರೆ ಜೇನುತುಪ್ಪವನ್ನೋ ಗ್ಲುಕೋಸ್ ಪುಡಿ ಕಲಸಿದ ನೀರನ್ನೋ ಬೆರಳಿಗೆ ಅದ್ದಿ ಒಸಡಿಗೆ ಸವರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದಿರುವಾಗ ಬೆರಳು ಹಾಕಿದರೆ ಕಚ್ಚಿಸಿಕೊಳ್ಳುತ್ತೀರಿ. ಟವೆಲ್‌ನಲ್ಲಿ ಸುತ್ತಿ ಬೆಚ್ಚಗಿಟ್ಟು ಕೂಡಲೇ ಹೊರಡಿ. ಸವರಿದ ಮೇಲೆ ಚೇತರಿಸಿಕೊಂಡರೂ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ರಿಪೋರ್ಟ್ ಬರುವವರೆಗೆ ಊಟ

ದಿನದ ಪಾಲನ್ನು ನಾಲ್ಕು ಹೊತ್ತಿಗೆ ಹಂಚಿ. ಫ್ರಿಜ್‌ನಿಂದ ತೆಗೆದದ್ದನ್ನು ಉಗುರುಬೆಚ್ಚಗೆ ಮಾಡಿ ಕೊಡಿ, ಬಿಸಿಗೆ ಪರಿಮಳ ಏಳುತ್ತದೆ, ನಾಯಿ ತಿನ್ನುವುದು ಮೂಗಿನಿಂದಲೇ. ಒಣ ಕಾಳನ್ನು ಬೆಚ್ಚನೆ ನೀರಲ್ಲಿ ನೆನೆಸಿದರೆ ಹಲ್ಲು ನೋಯುವ ನಾಯಿಗೂ ಅನುಕೂಲ. ಮೂಳೆ, ಚರ್ಮ ತೆಗೆದು ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ ಒಳ್ಳೆಯದು. ಕಿಡ್ನಿ, ಲಿವರ್ ತೊಂದರೆ ಮೊದಲೇ ಗೊತ್ತಿದ್ದರೆ ಪ್ರೋಟೀನ್ ಎಷ್ಟು ಎಂದು ಕೇಳಿಕೊಂಡು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ. ತುಪ್ಪ, ಮಟನ್ ಕೊಬ್ಬು ಸುರಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಹೊಸ ಕಾಯಿಲೆಯೇ ಶುರುವಾಗಬಹುದು. ಹೊಸ ಆಹಾರಕ್ಕೆ ಬದಲಾಯಿಸುವುದಿದ್ದರೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಸಿರಿಂಜ್‌ನಿಂದ ಬಲವಂತವಾಗಿ ತುರುಕಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನಂತೂ ಮುಟ್ಟಲೇಬೇಡಿ, ನಮಗೆ ಒಂದು ಮಾತ್ರೆ ಅನ್ನುವುದು ಇದಕ್ಕೆ ವಿಷ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ರಿಪೋರ್ಟ್‌ಗೆ ಕಾಯದೆ ಫೋನ್ ಮಾಡಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬಾರದು.

ತೂಕ ಬದಲಾದ ಮೇಲೆ ಹಳೇ ಔಷಧದ ಲೆಕ್ಕವೂ ಬದಲಾಗುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಹುಳದ ಔಷಧಿಯ ಪ್ರಮಾಣ ನಿರ್ಧಾರವಾಗುವುದೇ ಕಿಲೋ ಮೇಲೆ. ಉಣ್ಣೆಗೆಂದು ಅಗಿಯಲು ಕೊಡುವ ಕೆಲವು ಮಾತ್ರೆಗಳನ್ನು 2 ಕಿಲೋಗಿಂತ ಕಡಿಮೆ ಇರುವ ನಾಯಿಗೆ ಕೊಡಬಾರದು ಎಂದು ಪೊಟ್ಟಣದ ಮೇಲೇ ಬರೆದಿರುತ್ತದೆ. ಕಳೆದ ಸಲ 2.1 ಕಿಲೋ ಇದ್ದಾಗ ಕೊಟ್ಟಿದ್ದನ್ನು ಈಗ 1.8ಕ್ಕೆ ಇಳಿದಿರುವ ನಾಯಿಗೆ ಹಾಗೇ ಕೊಡುವ ಮುಂಚೆ ಡಾಕ್ಟರಿಗೆ ಹೊಸ ತೂಕ ಹೇಳಿ ಕೇಳಿಕೊಳ್ಳಿ.