ಬೇಸ್‌ಮೆಂಟಿನಲ್ಲಿ ಪಿನ್‌ಬಾಲ್: ಹಳೇ ಯಂತ್ರ ರಿಪೇರಿ ಮಾಡಿದ ನನ್ನ ಅನುಭವ

ಪಿನ್‌ಬಾಲ್ ಅಂದ್ರೆ ಇಳಿಜಾರು ಹಲಗೆ ಮೇಲೆ ಉಕ್ಕಿನ ಚೆಂಡು ಹೊಡೆದು ಅಂಕ ಗಳಿಸುವ ಆಟ. ನಮ್ಮ ಬೇಸ್‌ಮೆಂಟಿನಲ್ಲಿರುವ ಪಿನ್‌ಬಾಲ್ ಯಂತ್ರದ ಹೆಸರು ರಾಯಲ್ ಫ್ಲಷ್. ಗಾಟ್ಲೀಬ್ ಕಂಪನಿ 1976ರಲ್ಲಿ ತಂದದ್ದು. ಮೇಲೆಲ್ಲಾ ಇಸ್ಪೀಟು ಎಲೆಗಳ ಚಿತ್ರ. ನಾಲ್ಕು ಜನ ಸರದಿ ಪ್ರಕಾರ ಆಡಬಹುದು. ಒಳಗೆ ಕಂಪ್ಯೂಟರ್ ಇಲ್ಲ. ಅಂಕ ಕೂಡೋದು, ಯಾರ ಸರದಿ ಅಂತ ನೆನಪಿಡೋದು, ಎಷ್ಟನೇ ಚೆಂಡು ಅಂತ ಲೆಕ್ಕ ಇಡೋದು, ಎಲ್ಲಾ ರಿಲೇ (ಕರೆಂಟ್ ಹರಿದಾಗ ತಾನೇ ಬದಲಾಗುವ ಸ್ವಿಚ್ಚು), ಕಾಯಿಲ್ (ಕರೆಂಟ್ ಬಂದಾಗ ಅಯಸ್ಕಾಂತವಾಗುವ ತಂತಿ ಸುರುಳಿ), ಸ್ವಿಚ್ಚುಗಳ ಕೆಲಸ. ಹಗಲೆಲ್ಲಾ ಸಾಫ್ಟ್‌ವೇರ್ ಬರೆಯುವ ನನಗೆ ಇದು ಹಿಡಿಸಿದ್ದೇ ಅದಕ್ಕೆ. ಇಲ್ಲಿ ಪ್ರೋಗ್ರಾಮ್ ಕಣ್ಣಿಗೆ ಕಾಣುತ್ತೆ, ಬೆರಳಿಗೂ ಸಿಗುತ್ತೆ.

ನಾವಿರೋದು ಚಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಈ ಕಡೆ ಹಳೇ ಪಿನ್‌ಬಾಲ್‌ಗಳಿಗೆ ಬರ ಇಲ್ಲ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಮೂರೂ ಚಿಕಾಗೋ ಭಾಗದ ಕಂಪನಿಗಳೇ. ತಮಾಷೆ ಏನಂದ್ರೆ, ಯಂತ್ರ ಇಲ್ಲೇ ತಯಾರಾಗುತ್ತಿದ್ದರೂ ಚಿಕಾಗೋ ನಗರದೊಳಗೆ ದಶಕಗಟ್ಟಲೆ ಅದನ್ನು ಆಡುವಂತಿರಲಿಲ್ಲ. ಜೂಜು ಅಂತ ನಿಷೇಧ. ನ್ಯೂಯಾರ್ಕಿನಲ್ಲೂ 1942ರಿಂದ ಇದೇ ಕಥೆ. 1976ರಲ್ಲಿ ರೋಜರ್ ಶಾರ್ಪ್ ಅನ್ನುವ ಪತ್ರಕರ್ತರು ಅಲ್ಲಿನ ನಗರಸಭೆಯವರ ಮುಂದೆ ಆಡಿ ತೋರಿಸಿದರು. ಚೆಂಡು ಯಾವ ದಾರಿಯಲ್ಲಿ ಇಳಿಯುತ್ತೆ ಅಂತ ಮೊದಲೇ ಹೇಳಿ, ಹಾಗೇ ಹೊಡೆದರು. ಅದೃಷ್ಟ ಅಲ್ಲ, ಕೈಚಳಕ ಅಂತ ಒಪ್ಪಿ ನಿಷೇಧ ತೆಗೆದರು. ನನ್ನ ಯಂತ್ರವೂ ಅದೇ ವರ್ಷದ್ದು ಅನ್ನೋದು ನನಗೊಂದು ಸಣ್ಣ ಜಂಬ.

ಮನೆ ಖಾಲಿ ಮಾಡುತ್ತಿದ್ದ ಒಬ್ಬರು “ಕೆಲಸ ಮಾಡಲ್ಲ” ಅಂತಲೇ ಹೇಳಿ ಕಡಿಮೆಗೆ ಕೊಟ್ಟರು. ನೂರು ಕಿಲೋಗಿಂತ ಜಾಸ್ತಿ ತೂಕ. ತಲೆ (ಅಂಕ ತೋರಿಸುವ ಮೇಲಿನ ಪೆಟ್ಟಿಗೆ) ಬೇರೆ, ಕಾಲು ಬೇರೆ ಮಾಡಿ, ಗೆಳೆಯನ ಜೊತೆ ಮೆಟ್ಟಿಲು ಇಳಿಸಿದೆವು. “ಇದರ ಬದಲು ಫ್ರಿಜ್ ತಂದಿದ್ರೆ ಉಪಯೋಗಕ್ಕಾದ್ರೂ ಬರ್ತಿತ್ತು ಕಣೋ” ಅಂದ ಅವನು. ಈಗ ವಾರಾಂತ್ಯ ಬಂದರೆ ಮೊದಲು ಬೇಸ್‌ಮೆಂಟಿಗೆ ಇಳಿಯೋದು ಅವನೇ.

ಈ ಯಂತ್ರ, ಆಮೇಲೆ ಗೆಳೆಯರ ಮನೆಗಳಲ್ಲಿ ಕೈ ಹಾಕಿದ ಇನ್ನೂ ಕೆಲವು, ಇಷ್ಟೂ ನೋಡಿದ ಮೇಲೆ ನನಗೆ ಗಟ್ಟಿಯಾಗಿರೋದು ಒಂದೇ ಮಾತು. ಇವು ಕೆಟ್ಟಿರೋದು ಅಪರೂಪ. ಕೊಳೆ ಹಿಡಿದಿರುತ್ತವೆ, ಇಲ್ಲಾ ಹಿಂದೆ ಯಾರೋ ರಿಪೇರಿ ಮಾಡಲು ಹೋಗಿ ಬಗ್ಗಿಸಿಟ್ಟಿರುತ್ತಾರೆ. ಹಾಗಾಗಿ ನಾನು ಹೊಸ ಪಾರ್ಟು ಹುಡುಕೋದು ಕಟ್ಟಕಡೆಗೆ.

ಪ್ಲಗ್ ಹಾಕುವ ಮುಂಚೆ ಟಾರ್ಚ್ ಹಿಡಿದು ಒಳಗೆಲ್ಲಾ ನೋಡಬೇಕು. ನನ್ನದರಲ್ಲಿ ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಯಾರೋ ಕತ್ತರಿಸಿದ್ದರು. ಎರಡು ತೂತಿನ ಸಾಕೆಟ್ಟಿಗೆ ತೂರಿಸಲು ಅಂತ ಕಾಣುತ್ತೆ. ಸುತ್ತಲೂ ಲೋಹದ ಭಾಗಗಳು, ಒಳಗೆ ಟ್ರಾನ್ಸ್‌ಫಾರ್ಮರ್‌ವರೆಗೆ 120 ವೋಲ್ಟ್. ಮೊದಲ ಕೆಲಸವೇ ಹೊಸ ಮೂರು ಪಿನ್ನಿನ ವೈರ್ ಹಾಕಿ, ಅರ್ಥಿಂಗ್ ತಂತಿಯನ್ನು ಒಳಗಿನ ಲೋಹಕ್ಕೆ ಸರಿಯಾಗಿ ಕೂರಿಸಿದ್ದು. ಎರಡನೆಯದು ಫ್ಯೂಸ್. ಹಳೇ ಯಂತ್ರಗಳಲ್ಲಿ ಫ್ಯೂಸ್ ಪದೇ ಪದೇ ಹೋದರೆ ದೊಡ್ಡದು ಹಾಕಿ ಕೈತೊಳೆದುಕೊಳ್ಳುವ ಚಾಳಿ ಇದೆ. ಹೋಲ್ಡರ್ ಪಕ್ಕದಲ್ಲಿ ಬರೆದಿರುವ ಆಂಪಿಯರೇ ಇರಬೇಕು, ಅದಕ್ಕಿಂತ ಒಂದೂ ಜಾಸ್ತಿ ಬೇಡ.

ತಲೆಗೂ ಮೈಗೂ ನಡುವೆ ದೊಡ್ಡ ದೊಡ್ಡ ಪ್ಲಗ್ಗುಗಳಿವೆ. ಚಪ್ಪಟೆ ಪಿನ್ನುಗಳೆಲ್ಲಾ ಕಪ್ಪಾಗಿದ್ದವು. ಎಳೆದು, ಒರೆಸಿ, ವಾಪಸ್ ಕೂರಿಸಿದೆ. ಅಷ್ಟಕ್ಕೇ ಅರ್ಧ ದೀಪ ಹತ್ತಿಕೊಂಡವು.

ಅಸಲಿ ಆಟ ಶುರುವಾಗಿದ್ದು ಸ್ಟಾರ್ಟ್ ಬಟನ್ ಒತ್ತಿದಾಗ. ಸ್ಕೋರ್ ಮೋಟರ್ ತಿರುಗತೊಡಗಿತು, ಅಂಕದ ರೀಲುಗಳು (ಅಂಕೆ ಬರೆದ ಚಕ್ರಗಳು) ಟಕಟಕ ಅಂತ ಉರುಳಿದವು, ಎಲ್ಲಾ ಸೊನ್ನೆಗೆ ಬಂದವು. ಮೋಟರ್ ಮಾತ್ರ ನಿಲ್ಲಲಿಲ್ಲ. ಹೊಸ ಆಟ ಶುರುವಾಗಲೇ ಇಲ್ಲ. ಹಳೇ ಪಿನ್‌ಬಾಲ್ ಇಟ್ಟುಕೊಂಡವರಿಗೆಲ್ಲಾ ಈ ರೋಗ ಗೊತ್ತು.

ಇದರ ಹಿಂದಿನ ಲೆಕ್ಕ ಹೀಗೆ. ಮೋಟರ್ ತಿರುಗಿದಂತೆಲ್ಲಾ ಪ್ರತಿ ರೀಲಿನ ಕಾಯಿಲ್‌ಗೆ ಒಂದೊಂದು ಹೊಡೆತ ಕರೆಂಟ್ ಹೋಗುತ್ತೆ. ಹೊಡೆತಕ್ಕೊಂದು ಅಂಕೆ ಮುಂದೆ. ಸೊನ್ನೆ ಬಂದಾಗ ರೀಲಿನ ಪಕ್ಕದ ಸ್ವಿಚ್ಚು “ನಾನು ಮುಟ್ಟಿದೆ” ಅಂತ ತಿಳಿಸಬೇಕು. ಎಲ್ಲಾ ರೀಲುಗಳೂ ಹೀಗೆ ತಿಳಿಸೋವರೆಗೆ ಮೋಟರ್ ಬಿಡಲ್ಲ. ಒಂಬತ್ತಕ್ಕೆ ಇನ್ನೊಂದು ಸ್ವಿಚ್ಚಿದೆ. ಒಂಬತ್ತು ದಾಟಿದರೆ ಪಕ್ಕದ ರೀಲಿಗೆ ದಶಕ ಒಂದು ಕೊಡೋದು ಅದರ ಕೆಲಸ. ನಾಲ್ಕು ಆಟಗಾರರಿಗೂ ಬೇರೆ ಬೇರೆ ರೀಲು ಅಂದಮೇಲೆ ಅನುಮಾನ ಪಡಬೇಕಾದ ಸ್ವಿಚ್ಚು ಎಷ್ಟಿರುತ್ತೆ ಅಂತ ನೀವೇ ಊಹಿಸಿ.

ಕಣ್ಣಿಗೆ ಎಲ್ಲಾ ಸೊನ್ನೆಯೇ. ಹಾಗಾದ್ರೆ ಯಾವುದೋ ಒಂದು ಸೊನ್ನೆ ಸುಳ್ಳು. ಪ್ಲಗ್ ಕಿತ್ತು, ಮೇಜಿನ ತುಂಬಾ ಹರಡುವ ಸರ್ಕಿಟ್ ನಕ್ಷೆ ಬಿಚ್ಚಿ, ಮಲ್ಟಿಮೀಟರಿನಲ್ಲಿ ಒಂದೊಂದೇ ರೀಲು ನೋಡುತ್ತಾ ಹೋದೆ. ಮೂರನೇ ಆಟಗಾರನ ಸಾವಿರದ ರೀಲಿನಲ್ಲಿ ಮೀಟರ್ ಬೇರೆ ಕಥೆ ಹೇಳಿತು. ಅದರ ಸ್ವಿಚ್ಚಿನ ತೆಳು ಲೋಹದ ಪಟ್ಟಿ ಮೇಲೆ ಇಕ್ಕಳದ ಹಲ್ಲಿನ ಗುರುತು. ಯಾರೋ ಮಧ್ಯದಲ್ಲಿ ಹಿಡಿದು ಬಗ್ಗಿಸಿದ್ದರು. ಪಟ್ಟಿ ಮಧ್ಯದಲ್ಲಿ ಬಗ್ಗಿದರೆ ಪಾಯಿಂಟುಗಳು, ಅಂದ್ರೆ ಒಂದಕ್ಕೊಂದು ತಾಗಿ ಕರೆಂಟ್ ದಾಟಿಸುವ ಬೊಟ್ಟುಗಳು, ನೇರಾ ಕೂರಲ್ಲ, ಓರೆಯಾಗಿ ಮುಟ್ಟುತ್ತವೆ. ಹೊಂದಿಸೋದಿದ್ದರೆ ಬುಡದಲ್ಲಿ ಹಿಡಿದು, ಕೂದಲೆಳೆಯಷ್ಟೇ ಬಗ್ಗಿಸಬೇಕು. ಅದಕ್ಕಂತಲೇ ತುದಿಯಲ್ಲಿ ಸೀಳು ಇರುವ ಒಂದು ಕಡ್ಡಿ ಸಿಗುತ್ತೆ. ಹತ್ತಿಪ್ಪತ್ತು ಡಾಲರಿನೊಳಗೆ ಇದಕ್ಕಿಂತ ಒಳ್ಳೇ ಖರ್ಚು ಈ ಹವ್ಯಾಸದಲ್ಲಿ ಇಲ್ಲ.

ಪಟ್ಟಿ ನೇರ ಮಾಡಿದ ಮೇಲೆ ಒರೆಸೋದು. ದಪ್ಪ ಬಿಳಿ ಕಾಗದದ ಒಂದು ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಎರಡು ಪಾಯಿಂಟುಗಳ ನಡುವೆ ತೂರಿಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದು ಎಳೆದೆ. ಕಾಗದದ ಮೇಲೆ ಕಪ್ಪು ಗೀರು. ಮತ್ತೆ ಎಳೆದರೆ ಬೂದು ಬಣ್ಣ. ಮತ್ತೂ ಎಳೆದರೆ ಬರೀ ಕಾಗದ. ಊರಲ್ಲಿ ಬಜಾಜ್ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಇಂಜಿನ್ನಿಗೆ ಕಿಡಿ ಕೊಡಿಸುವ ಸಿಬಿ ಪಾಯಿಂಟಿಗೆ ಉಪ್ಪುಕಾಗದ ಹಾಕಿ ಉಜ್ಜುತ್ತಿದ್ದನಲ್ಲಾ, ಹೆಚ್ಚುಕಮ್ಮಿ ಅದೇ ವಿದ್ಯೆ. ಆದ್ರೆ ಇಲ್ಲಿ ಉಪ್ಪುಕಾಗದ ಕೊನೇ ಉಪಾಯ. ಪಾಯಿಂಟಿನ ಬೆಳ್ಳಿ ಸವೆದರೆ ಮತ್ತೆ ಹುಟ್ಟಲ್ಲ.

ಪ್ಲಗ್ ಹಾಕಿ ಬಟನ್ ಒತ್ತಿದೆ. ರೀಲು ಉರುಳಿ, ಮೋಟರ್ ಕಟಕ್ ಅಂತ ನಿಂತು, ಚೆಂಡು ಹೊರಗೆ ಬಂತು.

ಇನ್ನೊಂದು ದೊಡ್ಡ ತಲೆನೋವು ಸ್ಟೆಪ್ಪರ್. ದುಂಡನೆ ಬೇಕಲೈಟ್ ತಟ್ಟೆ, ಅದರ ತುಂಬಾ ತಾಮ್ರದ ರಿವೆಟ್ಟು, ಮೇಲೆ ಓಡಾಡುವ ಲೋಹದ ಬೆರಳುಗಳು. ಎಷ್ಟನೇ ಚೆಂಡು, ಯಾರ ಸರದಿ ಅನ್ನೋದು ಬೆರಳು ನಿಂತ ಜಾಗದಿಂದ ಗೊತ್ತಾಗುತ್ತೆ. ಹಳೇ ಗ್ರೀಸು ಇಷ್ಟು ವರ್ಷಕ್ಕೆ ಕಂದು ಗೋಂದಾಗಿ, ಬೆರಳು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚುವ ಮುಂಚೆ ಫೋಟೋ ತೆಗೆದು, ಸ್ಪ್ರಿಂಗಿಗೆ ಎಷ್ಟು ಸುತ್ತು ಕೊಟ್ಟಿದ್ದಾರೆ ಅಂತ ಬರೆದಿಟ್ಟು, ಆಮೇಲೆ ಗೋಂದೆಲ್ಲಾ ಒರೆಸಿದೆ. ಈ ಜಾಗಕ್ಕೆ ಡಬ್ಲ್ಯುಡಿ-40 ಅನ್ನುವ ಸ್ಪ್ರೇ ಎಣ್ಣೆ ಹೊಡೆಯಿರಿ ಅಂತ ಯಾರಾದ್ರೂ ಹೇಳಿದರೆ ನಗುತ್ತಾ ಎದ್ದು ಬನ್ನಿ. ಇವತ್ತು ಜಾರುತ್ತೆ, ನಾಳೆ ಧೂಳು ಹಿಡಿಯುತ್ತೆ. ಹೊತ್ತಿಕೊಳ್ಳುವ ಅಪಾಯ ಬೇರೆ, ಯಾಕಂದ್ರೆ ಸ್ವಿಚ್ಚುಗಳಲ್ಲಿ ಕಿಡಿ ಹಾರೋದು ಮಾಮೂಲು. ಕಾಯಿಲ್ ಒಳಗಿನ ನೈಲಾನ್ ಕೊಳವೆಗಂತೂ ಎಣ್ಣೆಯೂ ಬೇಡ, ಗ್ರೀಸೂ ಬೇಡ. ಸವೆದಿದ್ದರೆ ಕೊಳವೆ ಬದಲಿಸಿ, ಅಗ್ಗಕ್ಕೆ ಸಿಗುತ್ತೆ.

ಫ್ಲಿಪ್ಪರ್ (ಚೆಂಡನ್ನು ಮೇಲಕ್ಕೆ ಹೊಡೆಯುವ ಸಣ್ಣ ತೋಳು) ಸೋತು ಹೋಗಿದ್ದರೆ ಎಲ್ಲರೂ ಕಾಯಿಲ್ ಮೇಲೇ ಅನುಮಾನ ಪಡುತ್ತಾರೆ. ಕಾಯಿಲ್‌ನಲ್ಲಿ ತಂತಿಯ ಎರಡು ಬೇರೆ ಬೇರೆ ಸುರುಳಿ ಇರುತ್ತೆ, ಹೊಡೆಯಲು ಒಂದು, ಹಿಡಿದಿಡಲು ಇನ್ನೊಂದು. ಫ್ಲಿಪ್ಪರ್ ಪೂರ್ತಿ ಮೇಲೆ ಬಂದ ಕೂಡಲೇ ಒಂದು ಸ್ವಿಚ್ಚು ಬಿಟ್ಟುಕೊಂಡು ಕರೆಂಟ್ ಕಮ್ಮಿ ಮಾಡುತ್ತೆ. ಆ ಸ್ವಿಚ್ಚಿಗೆ ಕೊಳೆ ಹಿಡಿದರೆ ಹೊಡೆತದಲ್ಲಿ ದಮ್ಮಿರಲ್ಲ. ಬಿಟ್ಟುಕೊಳ್ಳದಿದ್ದರೆ ಕಾಯಿಲ್ ಸುಟ್ಟು ವಾಸನೆ ಬರುತ್ತೆ. ಇದರ ಪಾಯಿಂಟು ಗಟ್ಟಿ ಟಂಗ್‌ಸ್ಟನ್, ಹಾಗಾಗಿ ಇಲ್ಲಿ ಮಾತ್ರ ಧೈರ್ಯವಾಗಿ ಅರ ಹಿಡಿಯಬಹುದು.

ಬಲ್ಬುಗಳಿಗೆ 44 ನಂಬರಿನ ಬದಲು 47 ಹಾಕಿದೆ. ಕರೆಂಟೂ ಕಮ್ಮಿ, ಬಿಸಿಯೂ ಕಮ್ಮಿ. ತಲೆಯ ಚಿತ್ರದ ಗಾಜಿಗೆ ಇದು ಮುಖ್ಯ, ಯಾಕಂದ್ರೆ ಬಿಸಿಗೇ ಹಿಂಬದಿಯ ಬಣ್ಣ ಹಕ್ಕಳೆ ಏಳೋದು. ಆ ಬಣ್ಣದ ಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ನನ್ನದರಲ್ಲಿ ಒಂದು ಮೂಲೆ ಉದುರಿದೆ, ಹಾಗೇ ಬಿಟ್ಟಿದ್ದೇನೆ.

ಆಟದ ಹಲಗೆಯನ್ನು ನಾಫ್ತಾ ಅನ್ನುವ ದ್ರಾವಕದಲ್ಲಿ ಒರೆಸಿ, ಕಾರ್ನೌಬಾ ಅನ್ನುವ ಗಟ್ಟಿ ಮೇಣ ಹಚ್ಚಿದೆ. ಗಟ್ಟಿ ಕೊಳೆಗೆ ಮೆಲಮಿನ್ ಸ್ಪಂಜು ಉಜ್ಜುವವರಿದ್ದಾರೆ, ಆದ್ರೆ ಕೊಳೆಯ ಜೊತೆ ಬಣ್ಣವೂ ಬರುತ್ತೆ. ರಬ್ಬರ್ ಉಂಗುರಗಳನ್ನೆಲ್ಲಾ ಬದಲಿಸಿದೆ. ಚೆಂಡೂ ಹೊಸದು. 27 ಮಿಲಿಮೀಟರ್ ಅಗಲ, 80 ಗ್ರಾಂ ತೂಕದ ಉಕ್ಕಿನ ಗುಂಡು ಅದು, ತುಕ್ಕು ಹಿಡಿದಿದ್ದರೆ ಹೋದಲ್ಲೆಲ್ಲಾ ಹಲಗೆ ಗೀಚುತ್ತೆ.

1970ರ ದಶಕದ ಕೊನೆಯಿಂದ ಬಂದ ಎಲೆಕ್ಟ್ರಾನಿಕ್ ಯಂತ್ರಗಳ ದಾರಿ ಬೇರೆ. ಅವುಗಳಲ್ಲಿ ಮೊದಲು ನೋಡಬೇಕಾದ್ದು ಬೋರ್ಡಿನ ಮೇಲಿನ ಬ್ಯಾಟರಿ. ಅದು ಸೋರಿ ಸುತ್ತಲ ತಾಮ್ರದ ಗೆರೆ ತಿಂದು ಹಾಕಿರುತ್ತೆ. ಹಸಿರು ಬೂಸ್ಟು ಕಂಡರೆ ಬೆಲೆ ಇಳಿಸಿ ಕೇಳಿ.

ನನ್ನದರಂಥ ಹಳೇದನ್ನು ಕೊಳ್ಳುವುದಾದರೆ ಒಬ್ಬರೇ ಆಡುವ ಯಂತ್ರ ಹುಡುಕಿ. ರೀಲು ಕಮ್ಮಿ, ರಿಲೇ ಕಮ್ಮಿ, ನಕ್ಷೆ ಬೇಗ ಅರ್ಥ ಆಗುತ್ತೆ. ಹಲಗೆ ಎತ್ತಿ ಕೆಳಗೆ ನೋಡದೆ ದುಡ್ಡು ಕೊಡಬೇಡಿ. ಧೂಳಿದ್ದರೆ ಪರವಾಗಿಲ್ಲ, ಯಾರೂ ಕೈ ಹಾಕಿಲ್ಲ ಅಂತರ್ಥ. ಕತ್ತರಿಸಿದ ವೈರು, ಟೇಪು ಸುತ್ತಿದ ಜೋಡಣೆ, ಜಾಗ ತಪ್ಪಿದ ಸ್ಪ್ರಿಂಗು ಕಂಡರೆ ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ.