ಹಳೆಯ ಯುದ್ಧವಿಮಾನದ ಮಾದರಿ: ಸಿದ್ಧವಾದದ್ದು ಕೊಳ್ಳುವುದೋ, ಕೈಯಾರೆ ಕಟ್ಟುವುದೋ

ಬೆಲೆ ವಿಚಾರಿಸುವ ಮೊದಲು ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ವಿಮಾನ, ಯಾವ ವರ್ಷದ್ದು, ಯಾರು ಹಾರಿಸಿದ್ದು. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ‘ಒಂದು ಸ್ಪಿಟ್‌ಫೈರ್ ಇದ್ದರೆ ಸಾಕು’ ಎನ್ನುವವರಿಗೆ ಸಿದ್ಧ ಡೈಕಾಸ್ಟ್ (ಲೋಹದ ಎರಕದ) ಮಾದರಿಯೇ ಸರಿ. 1940ರ ಬ್ರಿಟನ್ ಕದನದ ಬಣ್ಣದಲ್ಲೋ, 1944ರ ನಾರ್ಮಂಡಿ ದಾಳಿಯ ಕಪ್ಪು-ಬಿಳಿ ಪಟ್ಟೆಗಳಲ್ಲೋ ಅವು ಧಾರಾಳವಾಗಿ ಸಿಗುತ್ತವೆ. ಆದರೆ 1944ರಲ್ಲಿ ಅರ್ಜನ್ ಸಿಂಗ್ ನಾಯಕತ್ವದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಇಂಫಾಲದಿಂದ ಹಾರಿಸಿದ ಹರಿಕೇನ್ ಬೇಕೆಂದರೆ ಕಿಟ್ (ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ) ತಂದು ಕಟ್ಟಬೇಕಾಗುತ್ತದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ 1942ರಲ್ಲಿ ಜೋಡಿಸಿದ ಕರ್ಟಿಸ್ ಹಾಕ್, ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿದ್ದಿದ್ದವನ್ನು ತಂದು ಎಚ್‌ಎಎಲ್ ಮತ್ತೆ ಹಾರಿಸಿದ ಲಿಬರೇಟರ್ ಬಾಂಬರ್, ಇವುಗಳ ಕತೆಯೂ ಅದೇ. ನ್ಯಾಟ್ ಎಂಬ ಪುಟ್ಟ ಜೆಟ್ ವಿಮಾನದ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಅಂಗಡಿಯಲ್ಲಿ ಕಾಣುವ ಕೆಂಪು ನ್ಯಾಟ್ ಬ್ರಿಟನ್ನಿನ ಎರಡು ಸೀಟಿನ ತರಬೇತಿ ವಿಮಾನ; ಎಚ್‌ಎಎಲ್ ತಯಾರಿಸಿದ್ದು ಒಂದೇ ಸೀಟಿನ ಫೈಟರ್. ಉದ್ದವೂ ರೆಕ್ಕೆಯೂ ಬೇರೆ. ಬಣ್ಣ ಬದಲಿಸಿದ ಮಾತ್ರಕ್ಕೆ ಒಂದು ಇನ್ನೊಂದಾಗುವುದಿಲ್ಲ.

ಎರಡನೆಯದು ಜಾಗ. ಹರಿಕೇನ್‌ನ ರೆಕ್ಕೆಯಗಲ 12.19 ಮೀಟರ್. 1/72 ಅಳತೆಯಲ್ಲಿ (ನಿಜವಾದದ್ದರ 72ನೇ ಒಂದು ಭಾಗ) ಅದು 17 ಸೆಂ.ಮೀ., 1/48ರಲ್ಲಿ ಸುಮಾರು 25 ಸೆಂ.ಮೀ. ಸ್ಪಿಟ್‌ಫೈರ್ ಇದಕ್ಕಿಂತ ಒಂದೆರಡು ಸೆಂ.ಮೀ. ಚಿಕ್ಕದು. ಮನೆಯ ಷೋಕೇಸ್ ಒಂದಡಿ ಆಳ ಇದ್ದರೆ ಇವೆರಡೂ ಆರಾಮವಾಗಿ ಕೂರುತ್ತವೆ. ಲಿಬರೇಟರ್ 1/72ರಲ್ಲೇ 46 ಸೆಂ.ಮೀ. ದಾಟುತ್ತದೆ. ಆದರೆ ಉದ್ದ 28 ಸೆಂ.ಮೀ. ಮಾತ್ರ ಆದ್ದರಿಂದ ಮೂಗು ಹೊರಮುಖವಾಗಿ ಇಟ್ಟರೆ ಅದೇ ಒಂದಡಿ ಆಳಕ್ಕೆ ಹಿಡಿಸುತ್ತದೆ. 1/48ರ ಲಿಬರೇಟರ್ 70 ಸೆಂ.ಮೀ.; ಅದಕ್ಕೆ ಪ್ರತ್ಯೇಕ ಮೇಜೇ ಬೇಕು.

ಸಿದ್ಧ ಮಾದರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡೈಕಾಸ್ಟ್ ಎಂದರೆ ಸತುವಿನ ಮಿಶ್ರಲೋಹದ ಎರಕ. ಕಾರ್ಗಿ, ಹಾಬಿ ಮಾಸ್ಟರ್ ಇಂಥವರದ್ದು ಹೆಚ್ಚಾಗಿ 1/72. ಕೈಗೆ ತೂಕವಾಗಿ ಸಿಗುತ್ತವೆ, ಗುರುತುಗಳ ಅಚ್ಚು ಚೊಕ್ಕವಾಗಿರುತ್ತದೆ. ಕೊಳ್ಳುವಾಗ ನಾನು ನೋಡುವುದು ಮೂರು ಕಡೆ: ಲೋಹವೂ ಪ್ಲಾಸ್ಟಿಕ್ಕೂ ಸೇರುವ ಜೋಡಣೆ, ಕಾಕ್‌ಪಿಟ್ ಗಾಜಿನ ದಪ್ಪ, ಪ್ರೊಪೆಲ್ಲರ್ ಅಲಗು. ಈ ಮೂರೂ ತೆಳುವಾಗಿ, ಬಿಗಿಯಾಗಿ ಇದ್ದರೆ ಉಳಿದದ್ದೂ ಚೆನ್ನಾಗಿರುತ್ತದೆ. ಹಳೆಯ ಡೈಕಾಸ್ಟ್ ಕೊಳ್ಳುವುದಾದರೆ ಹೊಟ್ಟೆಯ ಭಾಗದ ಫೋಟೊ ಕೇಳಿ. ಎರಕದಲ್ಲಿ ಸೀಸದಂಥ ಕಲಬೆರಕೆ ಇದ್ದರೆ ತೇವದ ಹವೆಯಲ್ಲಿ ಲೋಹ ಒಳಗಿಂದಲೇ ಉಬ್ಬಿ ಬಿರುಕು ಬಿಡುತ್ತದೆ. ಬಣ್ಣದ ಕೆಳಗೆ ಗುಳ್ಳೆ, ಕೂದಲೆಳೆಯಂಥ ಬಿರುಕು ಕಂಡರೆ ಬಿಟ್ಟುಬಿಡಿ, ಅದಕ್ಕೆ ಮದ್ದಿಲ್ಲ.

ಇನ್ನೊಂದು ಬಗೆ ಮರದಲ್ಲಿ ಕೆತ್ತಿದ್ದು. ಫಿಲಿಪ್ಪೀನ್ಸ್‌ನ ಮಹಾಗನಿ ಮಾದರಿಗಳು ಹೆಸರುವಾಸಿ. ಕಚೇರಿಯ ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲಿಸಲು ಚೆಂದ. ಆಕಾರ ಕೆತ್ತುವವರ ಕೈಗೆ ಬಿಟ್ಟದ್ದು. ಆದ್ದರಿಂದ ಮುಂಗಡ ಕೊಡುವ ಮೊದಲು ಮೇಲಿಂದ, ಪಕ್ಕದಿಂದ, ಎದುರಿಂದ ತೆಗೆದ ಮೂರು ಫೋಟೊ ತರಿಸಿ, ನಿಜವಾದ ವಿಮಾನದ ರೇಖಾಚಿತ್ರದ ಪಕ್ಕ ಇಟ್ಟು ನೋಡಿ. ಸ್ಪಿಟ್‌ಫೈರ್‌ನಲ್ಲಿ ಅಂಡಾಕಾರದ ರೆಕ್ಕೆ, ಹರಿಕೇನ್‌ನಲ್ಲಿ ಗೂನು ಬೆನ್ನು ತಪ್ಪಿದ್ದರೆ ಎಷ್ಟು ಹೊಳಪು ಕೊಟ್ಟರೂ ಅದು ಬೇರೆ ವಿಮಾನವೇ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ರೆಕ್ಕೆಯ ಬುಡದಲ್ಲಿ ಬಣ್ಣ ಸೀಳುತ್ತದೆ. ಅಂಥ ಊರಿನವರಿಗೆ ನಾನು ಮರದ್ದನ್ನು ಹೇಳುವುದಿಲ್ಲ.

ಖರ್ಚಿನ ಲೆಕ್ಕ ಹೀಗೆ. ಅದೇ ಅಳತೆಯ ಡೈಕಾಸ್ಟ್‌ಗೆ ಸಾಮಾನ್ಯವಾಗಿ ಕಿಟ್‌ನ ಎರಡು-ಮೂರು ಪಟ್ಟು ಬೆಲೆ. ಕಿಟ್ ಅಗ್ಗ ಅನ್ನಿಸುವುದು ಇಲ್ಲೇ. ಆದರೆ ಕಟರ್, ಬ್ಲೇಡು, ಅಂಟು, ಉಜ್ಜುಕಾಗದ, ಬಣ್ಣ, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಎಲ್ಲ ಸೇರಿದರೆ ಹಲವು ಕಿಟ್‌ಗಳ ದುಡ್ಡಾಗುತ್ತದೆ. ಒಂದೇ ವಿಮಾನ ಸಾಕು ಎನ್ನುವವರು ಕೊಳ್ಳುವುದೇ ಲಾಭ. ನಾಲ್ಕೈದು ಕಟ್ಟುವವರಿಗೆ ಸಲಕರಣೆಯ ಖರ್ಚು ಹಂಚಿಹೋಗುತ್ತದೆ. ಹೊರದೇಶದಿಂದ ತರಿಸಿದರೆ ಸುಂಕವನ್ನು ಸಾಗಣೆ ಖರ್ಚನ್ನೂ ಸೇರಿಸಿ ಹಾಕುತ್ತಾರೆ. ತೂಕದ ಡೈಕಾಸ್ಟ್‌ಗೆ ಇದು ಎರಡು ಕಡೆಯಿಂದ ಹೊರೆ. ಲ್ಯಾಕರ್ ಬಣ್ಣ, ಥಿನ್ನರ್ ಬೆಂಕಿ ಹಿಡಿಯುವ ವಸ್ತುಗಳಾದ್ದರಿಂದ ವಿಮಾನದ ಪಾರ್ಸೆಲ್‌ನಲ್ಲಿ ಬರುವುದಿಲ್ಲ, ಇಲ್ಲೇ ಕೊಳ್ಳಬೇಕು.

ಇನ್ನು ಕಟ್ಟುವುದು. ಹರಿಕೇನ್ ಎರಡು-ಸಿ ಮಾದರಿಯನ್ನೇ ಉದಾಹರಣೆಗೆ ಹಿಡಿಯುತ್ತೇನೆ. ಆರ್ಮಾ ಹಾಬಿಯ 1/72 ಅಥವಾ ಹಸೆಗಾವಾದ 1/48 ಕಿಟ್ ಆಗುತ್ತದೆ. ಪೆಟ್ಟಿಗೆ ಕೊಳ್ಳುವಾಗ ಎರಡು ವಿಷಯ ಖಚಿತಪಡಿಸಿಕೊಳ್ಳಿ: ರೆಕ್ಕೆಯಲ್ಲಿ ನಾಲ್ಕು 20 ಮಿ.ಮೀ. ಫಿರಂಗಿಗಳಿರಬೇಕು (ಹನ್ನೆರಡು ಮಷಿನ್‌ಗನ್ ಇದ್ದರೆ ಅದು ಎರಡು-ಬಿ), ಮೂಗಿನ ಕೆಳಗೆ ಕೂರುವ ಧೂಳು ಸೋಸುವ ಫಿಲ್ಟರ್ ಭಾಗವೂ ಇರಬೇಕು. ಬರ್ಮಾ ರಂಗದ ಹರಿಕೇನ್‌ಗಳ ಮುಖಲಕ್ಷಣವೇ ಆ ಫಿಲ್ಟರ್.

ಮೊದಲು ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಭಾಗವನ್ನು ಒಂದೇ ಏಟಿಗೆ ಬುಡದಲ್ಲಿ ಕತ್ತರಿಸಬೇಡಿ. ಪ್ಲಾಸ್ಟಿಕ್ ಕಿತ್ತು ಬಿಳಿ ಗುಳಿ ಬೀಳುತ್ತದೆ. ಎರಡು ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದದ್ದನ್ನು ಬ್ಲೇಡಿನಿಂದ ಸವರಿ, 400, 600, 1000 ನಂಬರಿನ ಕಾಗದದಲ್ಲಿ ಕ್ರಮವಾಗಿ ಉಜ್ಜಿ. ಕಾಕ್‌ಪಿಟ್ಟಿಗೆ ಬೂದು-ಹಸಿರು ಬಣ್ಣ. 1/72ರಲ್ಲಿ ಗಾಜು ಮುಚ್ಚಿಯೇ ಇಡುವುದಾದರೆ ಸೀಟ್‌ಬೆಲ್ಟ್‌ಗಿಂತ ಹೆಚ್ಚಿಗೆ ಏನೂ ಕಾಣುವುದಿಲ್ಲ. ಹಿತ್ತಾಳೆ ತಗಡಿನ ಹೆಚ್ಚುವರಿ ಭಾಗಗಳಿಗೆ ಹಣ ಹಾಕುವುದು 1/48ರಲ್ಲಿ, ಗಾಜು ತೆರೆದಿಟ್ಟಾಗ.

ಒಡಲಿನ ಎರಡು ಹೋಳು ಸೇರಿಸಲು ನೀರಿನಂಥ ತೆಳು ಅಂಟು ಬೇಕು. ಹೋಳುಗಳನ್ನು ಹಿಡಿದು ಸಂದಿಗೆ ಬ್ರಷ್ ಮುಟ್ಟಿಸಿದರೆ ಅಂಟು ತಾನೇ ಓಡುತ್ತದೆ. ಮೆಲ್ಲಗೆ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಾಗಿ ಮೇಲೆ ಬರಬೇಕು. 24 ಗಂಟೆ ಮುಟ್ಟಬೇಡಿ. ಅವಸರಪಟ್ಟು ಅದೇ ದಿನ ಉಜ್ಜಿದರೆ ಒಳಗಿನ ಮೆತ್ತನೆ ಪ್ಲಾಸ್ಟಿಕ್ ಒಣಗುತ್ತಾ ಕುಗ್ಗಿ, ಬಣ್ಣ ಹಚ್ಚಿದ ವಾರದ ಮೇಲೆ ಗೆರೆ ಮತ್ತೆ ಕಾಣುತ್ತದೆ. ಹರಿಕೇನ್‌ಗೆ ಇನ್ನೊಂದು ಕಷ್ಟ ಉಂಟು: ಹಿಂಭಾಗ ಬಟ್ಟೆ ಹೊದಿಸಿದ ಒಡಲು, ಪಟ್ಟಿಗಳ ಉಬ್ಬು ಉದ್ದಕ್ಕೂ ಇದೆ. ಜೋರಾಗಿ ಉಜ್ಜಿದರೆ ಉಬ್ಬುಗಳು ಅಳಿಸಿಹೋಗುತ್ತವೆ. ಅಲ್ಲಿ ನೀರಿಗೆ ಕರಗುವ ಪುಟ್ಟಿ ತುಂಬಿ, ಒದ್ದೆ ಹತ್ತಿ ಕಡ್ಡಿಯಿಂದ ಒರೆಸಿ ತೆಗೆಯುವುದೇ ಒಳ್ಳೆಯದು.

ರೆಕ್ಕೆ ಅಂಟಿಸುವ ಮೊದಲು ಟೇಪಿನಲ್ಲಿ ಕಟ್ಟಿ ನೋಡಿ. ಹರಿಕೇನ್‌ನ ನಡುರೆಕ್ಕೆ ಸಪಾಟು, ಹೊರಭಾಗ ಮಾತ್ರ ಮೇಲೇರುತ್ತದೆ. ಎರಡೂ ತುದಿ ಮೇಜಿನಿಂದ ಒಂದೇ ಎತ್ತರದಲ್ಲಿವೆಯೇ ಎಂದು ಸ್ಕೇಲಿನಿಂದ ಅಳೆಯಿರಿ, ಒಂದು ಮಿ.ಮೀ. ವ್ಯತ್ಯಾಸವೂ ಎದುರಿಂದ ಎದ್ದು ಕಾಣುತ್ತದೆ. ಬುಡದಲ್ಲಿ ಸಂದಿ ಬಿದ್ದರೆ ಪುಟ್ಟಿಗೆ ಕೈ ಹಾಕಬೇಡಿ. ಒಡಲಿನ ಒಳಗೆ ಚೌಕಟ್ಟಿನ ತುಂಡೊಂದನ್ನು ಅಡ್ಡ ಕೊಟ್ಟು ಅರ್ಧ ಮಿ.ಮೀ. ಅಗಲಿಸಿದರೆ ಸಂದಿ ಮುಚ್ಚುತ್ತದೆ.

ಗಾಜಿಗೆ ಫೆವಿಕ್ವಿಕ್ ಬೇಡವೇ ಬೇಡ. ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜು ಹಿಡಿಯುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ತಿಳಿಯಾಗುತ್ತದೆ. ಲಿಬರೇಟರ್‌ನಂಥ ಮೂಗುಗಾಲಿಯ ವಿಮಾನಕ್ಕೆ ಮೂಗಿನೊಳಗೆ ತೂಕ ತುಂಬದಿದ್ದರೆ ಬಾಲದ ಮೇಲೆ ಕೂರುತ್ತದೆ. ಆದರೆ ಗಾಳದ ಸೀಸದ ಗುಂಡುಗಳನ್ನು ಫೆವಿಕಾಲ್‌ನಲ್ಲಿ ಅಂಟಿಸಬೇಡಿ. ಸೀಸ ಅದರೊಡನೆ ನಿಧಾನವಾಗಿ ತುಕ್ಕು ಹಿಡಿದಂತಾಗಿ ಉಬ್ಬಿ ಕೆಲವೇ ವರ್ಷಗಳಲ್ಲಿ ಒಡಲನ್ನೇ ಸೀಳಬಲ್ಲದು. ಅಲ್ಲಿಗೆ ಅರಾಲ್ಡೈಟ್.

ಬಣ್ಣದ ಕ್ರಮ: ಬೂದು ಪ್ರೈಮರ್, ಅಡಿಗೆ ಮಧ್ಯಮ ಸಮುದ್ರ ಬೂದು (ಮೀಡಿಯಂ ಸೀ ಗ್ರೇ), ಮೇಲೆ ಕಡು ಮಣ್ಣುಬಣ್ಣ, ಅದರ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ ಕಡು ಹಸಿರು. 0.3 ಮಿ.ಮೀ. ನಾಜಲ್, 15ರಿಂದ 20 ಪಿಎಸ್‌ಐ ಒತ್ತಡ, 8-10 ಸೆಂ.ಮೀ. ದೂರ. ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ಮೈ ಮರಳುಮರಳಾದರೆ ಬಣ್ಣ ಗಾಳಿಯಲ್ಲೇ ಒಣಗುತ್ತಿದೆ ಎಂದರ್ಥ, ಹತ್ತಿರ ಹಿಡಿಯಿರಿ. ಜೇಡನ ಕಾಲುಗಳಂತೆ ಹರಿದರೆ ಥಿನ್ನರ್ ಜಾಸ್ತಿ. ಮಳೆಗಾಲದಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ: ಥಿನ್ನರ್ ಆರುವಾಗ ಮೈ ತಣ್ಣಗಾಗಿ ಹವೆಯ ತೇವ ಅದರ ಮೇಲೆ ಕೂರುತ್ತದೆ. ಜಡಿಮಳೆಯ ದಿನ ಲ್ಯಾಕರ್ ಮುಟ್ಟಬೇಡಿ, ಕಂಪ್ರೆಸರ್‌ಗೆ ನೀರು ಹಿಡಿಯುವ ಬಟ್ಟಲು ಇರಲಿ. ಅಕ್ರಿಲಿಕ್ ಆದರೆ ಟೇಪ್ ಅಂಟಿಸುವ ಮೊದಲು ಎರಡು ದಿನ ಬಿಡಿ, ಇಲ್ಲವಾದರೆ ಟೇಪಿನ ಜೊತೆಗೇ ಬಣ್ಣವೂ ಎದ್ದು ಬರುತ್ತದೆ.

ಡೆಕಾಲ್‌ಗೆ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಮುನ್ನ ಹೊಳಪಿನ ವಾರ್ನಿಷ್ ಕಡ್ಡಾಯ. ಮಬ್ಬು ಮೈಯ ಸೂಕ್ಷ್ಮ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಂಡು ಡೆಕಾಲ್ ಬೆಳ್ಳಿಯಂತೆ ಹೊಳೆಯುತ್ತದೆ. ಹಾಗಾದಲ್ಲಿ ಸೂಜಿಯಿಂದ ಚುಚ್ಚಿ ಡೆಕಾಲ್ ಮೆತ್ತಗಾಗಿಸುವ ದ್ರವ ಬಿಟ್ಟರೆ ಬಹುಪಾಲು ಕೂರುತ್ತದೆ. ವಾಯುಪಡೆಯ ಚಕ್ರಾಕಾರದ ಗುರುತಿನ ಬಣ್ಣ ಇಲ್ಲಿ ಮುಖ್ಯ. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ಸ್ವಂತದವರೇ ಗುಂಡು ಹಾರಿಸಬಾರದೆಂದು ಈ ರಂಗದ ಬ್ರಿಟಿಷ್, ಭಾರತೀಯ ವಿಮಾನಗಳಿಂದ ಕೆಂಪನ್ನು ತೆಗೆದಿದ್ದರು. ಹೊರಗೆ ಕಡು ನೀಲಿ, ನಡುವೆ ತಿಳಿ ನೀಲಿ. ಕೆಂಪು ನಡುವಿನ ಚಕ್ರ ಅಂಟಿಸಿದರೆ ಇಂಫಾಲದ ಹರಿಕೇನ್ ಅಲ್ಲಿಗೆ ಕೆಟ್ಟಿತು. ರೆಕ್ಕೆ, ಬಾಲದ ಬಿಳಿ ಪಟ್ಟಿಗಳನ್ನು ಆ ನಿರ್ದಿಷ್ಟ ವಿಮಾನದ ಫೋಟೊದಲ್ಲಿ ಕಂಡರೆ ಮಾತ್ರ ಹಾಕಿ. ಕೊನೆಗೆ ಮಬ್ಬು ವಾರ್ನಿಷ್, ಅದು ಒಣಗಿದ ಮೇಲೆ ಫಿರಂಗಿ, ಆಂಟೆನಾ, ಚಕ್ರ.

ನಡುವಿನ ದಾರಿಯೂ ಒಂದಿದೆ. ಆಕಾರ ಸರಿಯಿರುವ ಡೈಕಾಸ್ಟ್ ಹರಿಕೇನ್ ಸಿಕ್ಕರೆ 1500 ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜಿ, ಲೋಹಕ್ಕೆ ಹಿಡಿಯುವ ಪ್ರೈಮರ್ ಕೊಟ್ಟು, ಬೇಕಾದ ಬಣ್ಣ, ಡೆಕಾಲ್ ಹಾಕಬಹುದು. ಜೋಡಣೆಯ ಕೆಲಸ ತಪ್ಪುತ್ತದೆ. ಮಕ್ಕಳು ಕೈ ಹಾಕುವ ಮನೆಗೆ ನಾನು ಸೂಚಿಸುವುದು ಇದನ್ನೇ.

ಕೊಂಡದ್ದಿರಲಿ, ಕಟ್ಟಿದ್ದಿರಲಿ, ಕಿಟಕಿಯ ಬಿಸಿಲು ತಾಕದ ಕಡೆ ಇಡಿ. ಬಿಸಿಲಿಗೆ ಗುರುತುಗಳು ಮಾಸುತ್ತವೆ, ಡೆಕಾಲ್‌ನ ಅಂಚು ಹಳದಿಯಾಗುತ್ತದೆ. ಅಕ್ರಿಲಿಕ್ ಪೆಟ್ಟಿಗೆ ಮಾಡಿಸುವುದಾದರೆ ಎಲ್ಲ ಕಡೆ ಐದು ಸೆಂ.ಮೀ. ಬಿಡುವು ಕೊಡಿ, 1/48 ಹರಿಕೇನ್‌ಗೆ 35 ಸೆಂ.ಮೀ. ಅಗಲ ಬೇಕಾಗುತ್ತದೆ. ಕೆಲವು ಹಳೆಯ ಕಿಟ್‌ಗಳ ಮೆತ್ತನೆ ವಿನೈಲ್ ಟೈರ್ ಪ್ಲಾಸ್ಟಿಕ್ ಚಕ್ರವನ್ನು ಕ್ರಮೇಣ ಕರಗಿಸುತ್ತದೆ. ಅಂಥವನ್ನು ಕಟ್ಟುವಾಗಲೇ ತೆಗೆದು ರೆಸಿನ್ ಚಕ್ರ ಹಾಕಿ. ಧೂಳಿಗೆ ಬಟ್ಟೆ ಬೇಡ, ಮೇಕಪ್ಪಿನ ಮೆತ್ತನೆ ಬ್ರಷ್ಷಿನಿಂದ ಮೂಗಿನಿಂದ ಬಾಲದ ಕಡೆಗೆ ಎಳೆಯಿರಿ. ಎದುರುದಿಕ್ಕಿನಲ್ಲಿ ಎಳೆದರೆ ಮೊದಲು ಮುರಿಯುವುದು ಆಂಟೆನಾ ಕಂಬ.